ಕಕ್ಷಿಗಾರರು ಒಳಗಿದ್ದಾರೆ

ವಕೀಲರ ಗುಮಾಸ್ತರಾಗಿ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ, ಈ ಕೆಲಸದಲ್ಲಿ ಕಷ್ಟದ್ದು ಯಾವುದು ಎಂದು ಕೇಳುತ್ತಾರೆ. ನಕಲು ತೆಗೆಯುವುದೋ, ಸ್ಟಾಂಪು ಕಾಗದದ ರಗಳೆಯೋ, ಮುನ್ಸೀಫರ ಸಿಡುಕೋ ಎಂದು ತಾವೇ ಊಹೆ ಮಾಡುತ್ತಾರೆ. ಅವೆಲ್ಲ ಒಂದೆರಡು ವರ್ಷದಲ್ಲಿ ಕೈಗೆ ಹತ್ತುತ್ತವೆ. ನನ್ನನ್ನು ಕೇಳಿದರೆ ಕಷ್ಟದ್ದು ಒಂದೇ: ಒಬ್ಬ ವಕೀಲರನ್ನು ಬಿಟ್ಟು ನಮ್ಮಲ್ಲಿಗೆ ಬಂದ ಕಕ್ಷಿಗಾರನ ಕೇಸಿನ ಕಟ್ಟನ್ನು ಆ ಹಳೆಯ ವಕೀಲರ ಮನೆಯಿಂದ ಬಿಡಿಸಿ ತರುವುದು.

ಕಾನೂನೇನೋ ಸರಳವಾಗಿದೆ. ಕಟ್ಟು ಕಕ್ಷಿಗಾರನದು, ವಕೀಲರದಲ್ಲ. ಹೊಸ ವಕಾಲತ್ತಿನ ಮೇಲೆ ಹಳೆಯವರು ಅಡ್ಡಿಯಿಲ್ಲವೆಂದು ಬರೆದು ರುಜು ಹಾಕಿ, ಕಾಗದಪತ್ರ ಕೊಟ್ಟು ಕಳಿಸಬೇಕು. ಆದರೆ ವರ್ಷಗಟ್ಟಲೆ ತಮ್ಮ ಬೀರುವಿನಲ್ಲಿದ್ದ ಕಟ್ಟನ್ನು ಎತ್ತಿ ಕೊಡುವಾಗ ಎಂಥ ದೊಡ್ಡ ವಕೀಲರ ಮುಖವೂ ಕಪ್ಪಾಗುತ್ತದೆ. ನಾನು ಮೂವತ್ತು ನಲವತ್ತರ ದಶಕಗಳಲ್ಲಿ ಕೋಲಾರದಲ್ಲಿ ರಂಗರಾಯರೆಂಬ ವಕೀಲರ ಹತ್ತಿರ ಇದ್ದೆ. ಅವರದು ಮಾತು ಕಡಿಮೆ, ನಶ್ಯ ಜಾಸ್ತಿ. ನನ್ನನ್ನು ಮೊದಲ ಸಲ ಇಂಥ ಕೆಲಸಕ್ಕೆ ಮಾಲೂರಿಗೆ ಕಳಿಸುವಾಗ ಅವರು ಹೇಳಿದ್ದು ಇಷ್ಟು: "ಶಾಮಣ್ಣ, ಅಲ್ಲಿ ಕಾನೂನು ಬಾಯಿಗೆ ಬರಬಾರದು. ಸಾವಿನ ಮನೆಗೆ ಹೋದ ಹಾಗೆ ಹೋಗಿ ಸುಮ್ಮನೆ ಕೂತ್ಕೋ. ಅವರಾಗಿ ಮಾತಾಡೋ ತನಕ ಕಾಯಿ."

ಆ ಸಲ ನಾನು ಕಾದೆ, ಕಟ್ಟೂ ಬಂತು. ತಂದು ಬಿಚ್ಚಿದರೆ ಅದು ಮಾಸ್ತಿ ಗ್ರಾಮದ, ನಮ್ಮ ಕಕ್ಷಿಗಾರನ ಹೆಸರೇ ಇದ್ದ ಇನ್ನೊಬ್ಬನದು. ರಾಯರು ಬೈಯಲಿಲ್ಲ, ಮರುದಿನ ಮತ್ತೆ ಮಾಲೂರಿನ ಬಸ್ಸು ಹತ್ತಿಸಿದರು. ಅಂದಿನಿಂದ ಕಟ್ಟು ತೆಗೆದುಕೊಂಡಲ್ಲೇ ತಂದೆಯ ಹೆಸರು ಓದಿ ನೋಡುವ ಅಭ್ಯಾಸವಾಯಿತು. ಇನ್ನೊಂದು ಸಲ ಶಿವಾರಪಟ್ಟಣದ ಕಕ್ಷಿಗಾರ, ಒಬ್ಬ ಶಿಲ್ಪಿ, ನನ್ನ ಜೊತೆ ಬಂದಿದ್ದ. ಹಳೆಯ ವಕೀಲರು ಕಟ್ಟು ಕೊಟ್ಟೊಡನೆ ಅದನ್ನು ಹೆಗಲ ಮೇಲಿಟ್ಟುಕೊಂಡು, ನನ್ನ ಜೊತೆ ಒಂದು ಮಾತೂ ಆಡದೆ, ಕೋಲಾರ ಮುಟ್ಟುವ ತನಕ ತಲೆ ತಿರುಗಿಸದೆ ಬಂದ. ಯಾಕಪ್ಪ ಎಂದರೆ, "ಒಂದು ಮನೆ ಬಿಟ್ಟು ಬರ್ತಾ ಇರೋದು ಸ್ವಾಮಿ, ಹಿಂದೆ ನೋಡಿದ್ರೆ ಅದೂ ನಿಂತು ನೋಡ್ತದೆ" ಅಂದ. ಆಗ ನಾನು ನಕ್ಕಿದ್ದೆ. ಮುಳಬಾಗಿಲಿನ ಅಶ್ವತ್ಥಯ್ಯನವರ ಮನೆಗೆ ಹೋಗಿ ಬಂದ ಮೇಲೆ ಅಂಥ ಮಾತಿಗೆ ನಗುವುದನ್ನು ಬಿಟ್ಟೆ. ಈಗ ಹೇಳಹೊರಟಿರುವುದು ಅದನ್ನೇ.

ಅಶ್ವತ್ಥಯ್ಯನವರು ಹಳೆಯ ಕಾಲದ ವಕೀಲರು. ಮುಳಬಾಗಿಲಿನಲ್ಲಿ ಮನೆ, ಆಫೀಸು ಎರಡೂ ಒಂದೇ ಕಡೆ. ವಾಯಿದೆ ಇದ್ದ ದಿನ ಬಸ್ಸಿನಲ್ಲಿ ಕೋಲಾರದ ಕೋರ್ಟಿಗೆ ಬರುತ್ತಿದ್ದರು. ಅವರ ವಾದ ಸೋತದ್ದುಂಟು, ಅವರು ಕೋರ್ಟಿನಲ್ಲಿ ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ. ಎದುರು ಪಕ್ಷದ ವಕೀಲರೂ ಅವರ ಮಾತನ್ನು ಪರೀಕ್ಷೆ ಮಾಡುತ್ತಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಆ ವರ್ಷ ಮೊದಲು ಶ್ರೀನಿವಾಸಪುರದಲ್ಲಿ, ಆಮೇಲೆ ಮುಳಬಾಗಿಲಿನಲ್ಲಿ ಇಲಿ ಬಿದ್ದವು. ಪ್ಲೇಗು. ಒಂದು ದಿನ ನಾನು ನಮ್ಮ ಕೇಸೊಂದರ ಸಲುವಾಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಶ್ರೀನಿವಾಸಪುರದ ಮುನಿವೆಂಕಟಪ್ಪ ಎಂಬುವರು ಮಾವಿನ ತೋಪೊಂದಕ್ಕಾಗಿ ತಮ್ಮನ ಮೇಲೆ ಹೂಡಿದ್ದ ದಾವೆಯನ್ನು ಕೂಗಿದರು. ವಾದಿಯ ಪರ ಅಶ್ವತ್ಥಯ್ಯನವರು. ತಮ್ಮನ ವಕೀಲರು ಎದ್ದು, "ವಾದಿ ಪ್ಲೇಗಿನಲ್ಲಿ ತೀರಿಕೊಂಡಿದ್ದಾರೆ ಸ್ವಾಮಿ. ವಾರಸುದಾರರು ಯಾರೂ ಮುಂದೆ ಬಂದಿಲ್ಲ" ಎಂದರು. ಮುನ್ಸೀಫರು ಅಶ್ವತ್ಥಯ್ಯನವರ ಕಡೆ ನೋಡಿದರು.

ಅವರು ನಿಧಾನವಾಗಿ ಎದ್ದು ಹೇಳಿದರು: "ಇಲ್ಲ ಸ್ವಾಮಿ. ನನ್ನ ಕಕ್ಷಿಗಾರರು ನಿನ್ನೆ ಮಧ್ಯಾಹ್ನ ಆಫೀಸಿಗೆ ಬಂದಿದ್ದರು. ಮೊನ್ನೆಯೂ ಬಂದಿದ್ದರು."

ಬೇರೆ ಯಾರು ಹೇಳಿದ್ದರೂ ಕೋರ್ಟು ನಗುತ್ತಿತ್ತು. ಆ ದಿನ ಯಾರೂ ನಗಲಿಲ್ಲ. ತಮ್ಮನ ಮುಖ ನೋಡಿದೆ, ಬಿಳಿಚಿಕೊಂಡಿತ್ತು.

"ಹಾಗಾದರೆ ಮುಂದಿನ ವಾಯಿದೆಗೆ ಅವರನ್ನು ಕರೆದುಕೊಂಡು ಬನ್ನಿ" ಎಂದರು ಮುನ್ಸೀಫರು.

"ಕೇಳಿ ನೋಡ್ತೀನಿ ಸ್ವಾಮಿ. ಅಷ್ಟು ದೂರ ನಡೆಯೋ ಸ್ಥಿತಿಯಲ್ಲಿ ಅವರಿಲ್ಲ" ಎಂದು ಹೇಳಿ ಅಶ್ವತ್ಥಯ್ಯನವರು ಕೂತರು.

ಇದಾದ ಸ್ವಲ್ಪ ದಿನಕ್ಕೆ ಮುನಿವೆಂಕಟಪ್ಪನ ಹೆಂಡತಿ ರವಣಮ್ಮ ನಮ್ಮ ಆಫೀಸಿಗೆ ಬಂದರು. ಗಟ್ಟಿಮುಟ್ಟಾದ ಹೆಂಗಸು, ತೋಪಿನಲ್ಲಿ ಕೆಲಸ ಮಾಡಿ ಒರಟಾದ ಕೈ. ಕೈಯಲ್ಲಿ ಬಳೆ ಇತ್ತು, ಹಣೆಯಲ್ಲಿ ಕುಂಕುಮವೂ ಇತ್ತು. ನಾನು ಅದನ್ನು ಗಮನಿಸಿದೆ, ರಾಯರೂ ಗಮನಿಸಿದರು. ತೋಪಿನಲ್ಲಿದ್ದ ಮನೆಯೊಂದೇ ಅವರಿಗೆ ಆಸರೆ, ಮಕ್ಕಳಿಲ್ಲ. ಸತ್ತ ವಾದಿಯ ಜಾಗಕ್ಕೆ ಹೆಂಡತಿ ಗಡುವಿನೊಳಗೆ ಅರ್ಜಿ ಹಾಕಿಕೊಳ್ಳದಿದ್ದರೆ ದಾವೆ ತಾನಾಗಿ ಬಿದ್ದುಹೋಗುತ್ತದೆ, ತೋಪು ಮೈದುನನ ಪಾಲಾಗುತ್ತದೆ. ತೋಪು ಗಂಡನದೆಂದು ತೋರಿಸುವ ಮೂಲ ಪಾಲುಪಟ್ಟಿ ಅಶ್ವತ್ಥಯ್ಯನವರ ಹತ್ತಿರವಿದ್ದ ಕಟ್ಟಿನಲ್ಲೇ ಇತ್ತು. ಅದನ್ನು ಇನ್ನೂ ಕೋರ್ಟಿಗೆ ಹಾಜರು ಮಾಡಿರಲಿಲ್ಲ.

"ಕಟ್ಟು ಕೇಳಿದೆಯಾಮ್ಮ?" ಎಂದರು ರಾಯರು.

"ಕೇಳ್ದೆ ಸ್ವಾಮಿ. ನಿಮ್ಮ ಯಜಮಾನರು ಬೇಡ ಅಂತಾರೆ, ಅವರು ಹೇಳಿದ್ರೆ ಕೊಡ್ತೀನಿ ಅಂದ್ರು."

"ಯಜಮಾನರು ಹೋಗಿ ಎಷ್ಟು ದಿನ ಆಯ್ತು?"

ರವಣಮ್ಮ ಸೆರಗಿನ ಅಂಚು ನೋಡುತ್ತ, "ಹೋದ್ರು ಅಂತ ಅವರಿವರು ಹೇಳಿದ್ದು ಸ್ವಾಮಿ. ನಾನು ನೋಡ್ಲಿಲ್ಲ" ಎಂದರು.

ಆಗ ವಿಷಯ ಬಿಡಿಸಿ ಹೇಳಿದರು. ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಗಂಡನಿಗೆ ಜ್ವರ ಬಂತು, ಗಡ್ಡೆ ಎದ್ದಿತು. ಕಾಯಿಲೆಯವರನ್ನು ಬೇರೆ ಇಡುವ ಕೊಟ್ಟಿಗೆಗೆ ಗಾಡಿಯಲ್ಲಿ ಹಾಕಿಕೊಂಡು ಹೋದರು. ಹೆಂಗಸರನ್ನು ಹತ್ತಿರ ಬಿಡಲಿಲ್ಲ. ಆಮೇಲೆ ಒಬ್ಬ ಆಳು ದೂರದಲ್ಲೇ ನಿಂತು, ಮುಗೀತು, ಮಣ್ಣು ಮಾಡಿದ್ದಾಯ್ತು ಎಂದು ಕೂಗಿ ಹೇಳಿ ಹೋದ. ಅದೇ ದಿನ ಅಲ್ಲಿ ಇನ್ನೂ ನಾಲ್ಕಾರು ಜನ ಹೋಗಿದ್ದರು. ಯಾರನ್ನು ಎಲ್ಲಿಟ್ಟರೆಂದು ಯಾರಿಗೂ ಗೊತ್ತಿರಲಿಲ್ಲ.

ರಾಯರು ನನ್ನ ಕೈಲಿ ಪ್ರಮಾಣಪತ್ರ ಬರೆಸಿದರು. ಆಗಿನ್ನೂ ನಮ್ಮ ಆಫೀಸಿಗೆ ಟೈಪು ಮೆಷೀನು ಬಂದಿರಲಿಲ್ಲ, ಎಲ್ಲ ಕೈಬರಹ. 'ನನ್ನ ಗಂಡನಾದ ಮುನಿವೆಂಕಟಪ್ಪನು ಮೃತನಾಗಿರುತ್ತಾನೆ' ಎಂಬಲ್ಲಿಗೆ ಓದಿ ಹೇಳಿದಾಗ ರವಣಮ್ಮ ಕೈ ಹಿಂದಕ್ಕೆಳೆದುಕೊಂಡರು.

"ಹೆಬ್ಬೆಟ್ಟು ಆಮೇಲೆ ಒತ್ತುತೀನಿ ಸ್ವಾಮಿ. ಒಂದ್ಸಲ ಅಲ್ಲಿಗೆ ಹೋಗಿ ಬರ್ತೀನಿ."

ರಾಯರು ನಶ್ಯದ ಡಬ್ಬಿ ತಿರುವುತ್ತ ನನ್ನ ಕಡೆ ನೋಡಿದರು. "ಜೊತೆಗೆ ಹೋಗು" ಎಂದರು. ಕೋರ್ಟಿನಿಂದ ಆಜ್ಞೆ ಮಾಡಿಸಿ ಕಟ್ಟು ತರಿಸಬಹುದಿತ್ತು. ಅವರು ಅದರ ಮಾತೇ ಎತ್ತಲಿಲ್ಲ.

ಆಗಿನ ಬಸ್ಸುಗಳಿಗೆ ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಏದುಸಿರು ಬಿಡುತ್ತ ಹೋಗುತ್ತಿದ್ದವು. ನಾವಿಬ್ಬರೂ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡಿದ್ದೆವು, ನನ್ನ ತೋಳು ಇನ್ನೂ ನೋಯುತ್ತಿತ್ತು. ದಾರಿಯಲ್ಲಿ ರವಣಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು:

"ಗುಮಾಸ್ತರೇ, ಆ ಅಯ್ಯನೋರು ಸುಳ್ಳು ಹೇಳೋರಲ್ಲ ಅಂತಾರೆ. ನಿಜಾನಾ?"

"ನಿಜ" ಎಂದೆ. ಬೇರೆ ಏನು ಹೇಳಲಿ.

"ಮತ್ತೆ?" ಎಂದರು ಅವರು.

ಬಸ್ಸು ಊರೊಳಗೆ ಹೋಗಲಿಲ್ಲ. ಬಂಡೆಬೆಟ್ಟದ ಕೆಳಗಿನ ಬಯಲಿನಲ್ಲಿ ಇಡೀ ಮುಳಬಾಗಿಲು ತೆಂಗಿನ ಗರಿಯ ಗುಡಿಸಲು ಹಾಕಿಕೊಂಡು ಕೂತಿತ್ತು. ಒಲೆಯ ಹೊಗೆ, ಮಕ್ಕಳ ಗಲಾಟೆ, ಕರುಗಳು. ಅಶ್ವತ್ಥಯ್ಯನವರ ಮಗ ಶಾಲೆಯ ಮೇಷ್ಟ್ರು, ಅಲ್ಲೇ ಸಿಕ್ಕಿದರು. ನಾವು ಬಂದ ಕಾರಣ ಹೇಳಿದೆ.

"ಅಪ್ಪ ಇಲ್ಲಿಗೆ ಬಂದೇ ಇಲ್ಲ" ಎಂದರು. "ಏಳಿ ಅಂದ್ರೆ, ಕಕ್ಷಿಗಾರರು ಒಳಗಿದ್ದಾರೆ, ಬಿಟ್ಟು ಹೇಗೆ ಬರ್ಲಿ ಅಂತಾರೆ. ದಿನಾ ಊಟ ತಗೊಂಡು ಹೋಗಿ ಬಾಗಿಲಲ್ಲಿ ಇಟ್ಟು ಬರ್ತೀನಿ. ಬೇರೆ ಎಲ್ಲದರಲ್ಲೂ ಸರಿಯಾಗೇ ಇದ್ದಾರೆ. ಕಾನೂನು ಕೇಳಿ ನೋಡಿ, ಒಂದಕ್ಷರ ತಪ್ಪಲ್ಲ."

"ನೀವೂ ಬರ್ತೀರಾ?"

"ಬೀದಿ ತೋರಿಸ್ತೀನಿ. ಒಳಗೆ ಬರಲ್ಲ. ಅವರು ಮಾತಾಡೋದನ್ನ ಕೇಳೋಕಾಗಲ್ಲ ನನಗೆ."

ಬೀದಿಯ ತುದಿಯಲ್ಲಿ ಅವರು ನಿಂತುಬಿಟ್ಟರು. ನಾವಿಬ್ಬರೇ ಒಳಗೆ ನಡೆದೆವು. ನೆತ್ತಿಯ ಮೇಲೆ ಬಿಸಿಲು. ಎರಡು ಕಡೆಯ ಮನೆಗಳಿಗೂ ಬೀಗ. ರೋಗ ಸಾಯಲಿ ಎಂದು ಮನೆಮನೆಯ ಮಾಡಿನ ಹೆಂಚುಗಳನ್ನು ಅಲ್ಲಲ್ಲಿ ತೆಗೆದು ಬಿಸಿಲು ಒಳಗೆ ಬೀಳುವಂತೆ ಮಾಡಿದ್ದರು. ಹಾಗಾಗಿ ಬೀಗ ಹಾಕಿದ ಬಾಗಿಲುಗಳ ಸಂದಿನಿಂದ ಬೆಳಕು ಹೊರಗೆ ಬರುತ್ತಿತ್ತು. ಹಗಲು ಹೊತ್ತಿನಲ್ಲಿ ಒಳಗಿನಿಂದ ಹೊರಕ್ಕೆ ಬರುವ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪ್ರತಿ ಮನೆಯಲ್ಲೂ ಯಾರೋ ದೊಡ್ಡ ದೀಪ ಹಚ್ಚಿಟ್ಟು, ಬೀಗ ಹಾಕಿಸಿಕೊಂಡು, ಸದ್ದಿಲ್ಲದೆ ಕೂತಿರುವಂತಿತ್ತು. ಒಂದು ಗುಬ್ಬಚ್ಚಿಯೂ ಇರಲಿಲ್ಲ. ಕಾಳು ಚೆಲ್ಲುವವರಿಲ್ಲದ ಊರಿನಲ್ಲಿ ಅವಕ್ಕೇನು ಕೆಲಸ. ಒಂದು ಜಗಲಿಯ ಮೇಲೆ ಯಾರೋ ಮರೆತು ಹೋದ ಸೀರೆಯೊಂದು ಹಗ್ಗದಲ್ಲಿ ಬಣ್ಣ ಕಳೆದುಕೊಂಡು ನೇತಾಡುತ್ತಿತ್ತು.

ರವಣಮ್ಮ ತಟ್ಟನೆ ನಿಂತರು.

"ಮೂರು ಜನ ನಡೆದಂಗೆ ಸದ್ದು ಬರ್ತೈತೆ" ಎಂದರು.

"ಖಾಲಿ ಮನೆಗಳಲ್ವಾಮ್ಮ, ಸದ್ದು ತಿರುಗಿ ಬರುತ್ತೆ" ಎಂದೆ. ಹಾಗೆ ಹೇಳಿದ್ದು ನಾನೇ ಆದರೂ, ಮುಂದಿನ ಹೆಜ್ಜೆಗಳನ್ನು ಮೆಲ್ಲಗೆ ಇಟ್ಟೆ.

ಬೀದಿಯಲ್ಲಿ ಒಂದೇ ಒಂದು ಬಾಗಿಲು ತೆರೆದಿತ್ತು. ಒಳಗಿನಿಂದ ಅಶ್ವತ್ಥಯ್ಯನವರ ದನಿ. "ಅದು ಸರಿ." ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ, ಇಲ್ಲ, ಅದಕ್ಕೆ ಸಾಕ್ಷಿ ಬೇಕಾಗುತ್ತೆ." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆಗಲಿ, ನೀವು ಹೇಳಿದ ಹಾಗೆ." ನಡುನಡುವೆ ಅವರು ಬಿಡುತ್ತಿದ್ದ ಸಮಯ ಎದುರಿಗಿದ್ದವನು ಉತ್ತರ ಹೇಳಲು ಸರಿಯಾಗಿ ಬೇಕಾದಷ್ಟೇ ಇತ್ತು. ಹುಚ್ಚರು ಮಾತಾಡುವುದನ್ನು ನಾನು ಕೇಳಿದ್ದೇನೆ. ಅವರು ಎದುರಿನವರಿಗಾಗಿ ಕಾಯುವುದಿಲ್ಲ.

ಒಳಗೆ ಹೋದೆವು. ಅವರು ಮೇಜಿನ ಹಿಂದೆ ಕೋಟು ಪೇಟದಲ್ಲಿ ಕೂತಿದ್ದರು. ಗಡ್ಡ ತೆಗೆದ ನುಣ್ಣನೆಯ ಮುಖ, ಹಣೆಯಲ್ಲಿ ಅಕ್ಷತೆ. ಮಾಡಿನ ಕಿಂಡಿಯಿಂದ ಬಿಸಿಲಿನ ಕೋಲೊಂದು ಎದುರಿನ ಬೆಂಚಿನ ಮೇಲೆ ಬಿದ್ದಿತ್ತು. ಹೆಂಚು ಕಿತ್ತ ಧೂಳು ಬೆಂಚಿನ ಮೇಲೆಲ್ಲ ಕೆಂಪಗೆ ಕೂತಿತ್ತು, ಒಂದು ತುದಿಯನ್ನು ಬಿಟ್ಟು.

"ಬನ್ನಿ ತಾಯಿ" ಎಂದರು. "ಗುಮಾಸ್ತರೇ, ನೀವು ಈ ಕಡೆ ಕೂತ್ಕೊಳ್ಳಿ. ಅಲ್ಲಿ ಬೇಡ, ಅಲ್ಲಿ ಅವರು ಕೂತಿದ್ದಾರೆ."

ರಾಯರ ಬುದ್ಧಿವಾದ ನೆನಪಿತ್ತು, ಕಾಯಬೇಕಿತ್ತು. ಆದರೆ ಆ ಕೋಣೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಕಕ್ಷಿಗಾರ ತೀರಿಕೊಂಡ ಮೇಲೆ ವಕಾಲತ್ತು ಉಳಿಯುವುದಿಲ್ಲ, ಕಟ್ಟು ಹೆಂಡತಿಗೆ ಸೇರಬೇಕು ಎಂದು ತೊದಲುತ್ತ ಹೇಳಿದೆ.

ಅವರು ಕೋಪಿಸಿಕೊಳ್ಳಲಿಲ್ಲ. "ನೀವು ಹೇಳೋ ಕಾನೂನು ಸರಿ. ಕಕ್ಷಿಗಾರ ತೀರಿಕೊಂಡರೆ ವಕಾಲತ್ತು ಮುಗಿದ ಹಾಗೆ. ಆದರೆ ವಕಾಲತ್ತು ಕೊಟ್ಟವರು ಎದುರಿಗೇ ಕೂತು ಬೇಡ ಅನ್ನುವಾಗ ಇನ್ನೊಬ್ಬರ ಕೈಗೆ ನಾನು ಕಟ್ಟು ಹೇಗೆ ಕೊಡಲಿ? ನೀವಾಗಿದ್ದರೆ ಕೊಡ್ತಿದ್ದಿರಾ?"

ಕೊಡುತ್ತಿರಲಿಲ್ಲ.

ಅವರು ರವಣಮ್ಮನ ಕಡೆ ತಿರುಗಿ, ಸ್ವಲ್ಪ ದನಿ ತಗ್ಗಿಸಿ ಕೇಳಿದರು: "ಅವರನ್ನು ಕೇಳೋಕೆ ಸಂಕೋಚ ಆಗುತ್ತೆ ತಾಯಿ, ನಿಮ್ಮನ್ನ ಕೇಳ್ತೀನಿ. ಅವರ ಎಡಗಾಲಿಗೆ ಏನಾಗಿದೆ? ಬರುವಾಗೆಲ್ಲ ಎಳೀತಾ ಬರ್ತಾರೆ."

ರವಣಮ್ಮನ ಬಾಯಿಂದ ಸಣ್ಣ ಸದ್ದೊಂದು ಬಂತು. ಆಮೇಲೆ, ಹಿಂದಿರುಗುವ ದಾರಿಯಲ್ಲಿ, ಅವರು ನನಗೆ ಹೇಳಿದರು: ಗಡ್ಡೆ ಎದ್ದಿದ್ದು ಎಡ ತೊಡೆಯ ಸಂದಿನಲ್ಲಿ. ಗಾಡಿಯವರೆಗೆ ಗಂಡ ಎಡಗಾಲು ಎಳೆದುಕೊಂಡೇ ನಡೆದಿದ್ದ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ಮಾತೂ ಅಲ್ಲ.

ಆದರೆ ಆ ಕೋಣೆಯಲ್ಲಿ ಆಗ ರವಣಮ್ಮ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಎದ್ದು ಹೋಗಿ ಆ ಬೆಂಚಿನ ಮೇಲೆಯೇ, ಧೂಳಿನಲ್ಲಿ, ಆ ಸ್ವಚ್ಛವಾದ ತುದಿಯ ಪಕ್ಕಕ್ಕೆ ಒಂದಿಷ್ಟು ಜಾಗ ಬಿಟ್ಟು ಕೂತರು. ಆ ಕಡೆ ತಿರುಗಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದರು. ಅವರ ಮನೆಮಾತು ತೆಲುಗು.

"ಏಮಯ್ಯಾ, ಇಂಟಿಕೆಂದುಕು ರಾಲೇದು?" ಎಂದರು. ಮನೆಗೇಕೆ ಬರಲಿಲ್ಲ ಎಂದು.

ಅಶ್ವತ್ಥಯ್ಯನವರು ಪೆನ್ನು ಕೆಳಗಿಟ್ಟರು.

ಆಮೇಲೆ ಕನ್ನಡ ತೆಲುಗು ಎರಡನ್ನೂ ಬೆರೆಸಿ, ಸಂತೆಯಿಂದ ತಡವಾಗಿ ಬಂದ ಗಂಡನನ್ನು ಕೇಳುವ ದನಿಯಲ್ಲೇ ರವಣಮ್ಮ ಮಾತಾಡಿದರು. "ವಕೀಲರ ಮನೆ ದಾರಿ ಗೊತ್ತಾಯ್ತು, ನಮ್ಮನೆ ದಾರಿ ಗೊತ್ತಾಗ್ಲಿಲ್ಲ. ನಾನು ದಿನಾ ಬಾಗಿಲು ತೆಗೆದಿಟ್ಟು ಮಲಗ್ತಿದ್ದೆ. ತೋಪಿನ ಚಿಂತೆ ಇಟ್ಕೊಂಡು ಇಲ್ಲಿ ಕೂತಿದ್ದೀಯ. ತೋಪು ನಾನು ನೋಡ್ಕೊತೀನಿ." ಅವರು ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. "ನಿನಗೆ ಯಾರೂ ಹೇಳಿಲ್ವೇನೋ. ಹೇಳೋಕೆ ನನ್ನನ್ನ ಹತ್ರ ಬಿಡ್ಲಿಲ್ಲ. ಈಗ ಹೇಳ್ತಾ ಇದ್ದೀನಿ. ನೀನು ಸತ್ತೋಗಿದ್ದೀಯಯ್ಯಾ. ಇನ್ನು ನಡೀಬೇಡ. ಕಾಲು ನೋಯ್ತದೆ."

ಬಿಸಿಲಿನ ಕೋಲಿನಲ್ಲಿ ಧೂಳಿನ ಕಣಗಳು ಮೇಲೂ ಕೆಳಗೂ ಆಡುತ್ತಿದ್ದವು. ಅಶ್ವತ್ಥಯ್ಯನವರು ತಲೆ ಸ್ವಲ್ಪ ಓರೆ ಮಾಡಿ, ಬೆಂಚಿನ ತುದಿಯ ಕಡೆಗೆ ಕಿವಿಗೊಟ್ಟು ಕೂತಿದ್ದರು. ಆಮೇಲೆ ಅವರ ಕಣ್ಣು ಆ ಜಾಗವನ್ನು ಬಿಟ್ಟು ಮೇಲೆದ್ದು, ನಮ್ಮಿಬ್ಬರ ನಡುವಿನಿಂದ ಹಾಯ್ದು, ನಿಧಾನವಾಗಿ, ಕುಂಟುವವನೊಬ್ಬನ ಹಿಂದೆ ಹೋಗುವ ಹಾಗೆ ನಿಂತು ನಿಂತು, ಬಾಗಿಲವರೆಗೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ರವಣಮ್ಮನೂ ತಿರುಗಲಿಲ್ಲ.

"ಹೋದರು" ಎಂದರು ಅಶ್ವತ್ಥಯ್ಯನವರು.

ಆಮೇಲೆ ಎಲ್ಲವೂ ಸಾಮಾನ್ಯ ಆಫೀಸಿನ ಕೆಲಸದಂತೆ ನಡೆಯಿತು. ಅವರು ಎದ್ದು ಬೀರು ತೆಗೆದು ಕೆಂಪು ಬಟ್ಟೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಪಾಲುಪಟ್ಟಿಯನ್ನು ನನಗೆ ತೋರಿಸಿ, ಮತ್ತೆ ಕಟ್ಟಿ, ರವಣಮ್ಮನ ಕೈಗೇ ಕೊಟ್ಟರು. ನಾನು ಅಭ್ಯಾಸಬಲದಿಂದ ತಂದೆಯ ಹೆಸರು ಓದಿ ನೋಡಿದೆ, ಸರಿಯಾಗಿತ್ತು. ಅಶ್ವತ್ಥಯ್ಯನವರು ಒಂದು ಕಾಗದ ತೆಗೆದುಕೊಂಡು, ವಾದಿ ತೀರಿಕೊಂಡಿರುವ ವಿಷಯ ಈ ದಿನ ತಮಗೆ ತಿಳಿಯಿತೆಂದು ಕೋರ್ಟಿಗೆ ಬರೆದು, ಮುತ್ತಿನಂಥ ಅಕ್ಷರದಲ್ಲಿ ರುಜು ಹಾಕಿದರು. ಯಾರಿಂದ ತಿಳಿಯಿತೆಂದು ಬರೆಯಲಿಲ್ಲ.

"ಇನ್ನು ಇಲ್ಲಿ ಯಾರೂ ಇಲ್ಲ" ಎಂದು ಕೋಣೆಯನ್ನೊಮ್ಮೆ ನೋಡಿದರು. ಕೋಲು ತೆಗೆದುಕೊಂಡು, ಬಾಗಿಲಿಗೆ ತಾವೇ ಬೀಗ ಹಾಕಿ, ನಮ್ಮ ಜೊತೆ ಹೊರಟರು. ಬೀದಿಯ ತುದಿಯಲ್ಲಿ ನಿಂತಿದ್ದ ಮಗ ತಂದೆಯನ್ನು ಕಂಡು ಓಡಿ ಬಂದು ಕೈ ಹಿಡಿದುಕೊಂಡರು. "ಊಟ ಆಯ್ತೇನೋ?" ಎಂದು ಮಗನನ್ನು ಕೇಳಿದರು ಅವರು, ಬೇರೇನೂ ಆಗಿಲ್ಲವೆಂಬಂತೆ. ಮುಂದೆ ಅವರು ವಕೀಲಿ ಮಾಡಲಿಲ್ಲ. ರೋಗ ಇಳಿದು ಜನ ಊರೊಳಗೆ ಬಂದ ಮೇಲೆ ತಮ್ಮಲ್ಲಿದ್ದ ಕಟ್ಟುಗಳನ್ನೆಲ್ಲ ಒಬ್ಬೊಬ್ಬರನ್ನೇ ಕರೆಸಿ ಕೊಟ್ಟುಬಿಟ್ಟರು. ಅವುಗಳಲ್ಲಿ ಕೆಲವನ್ನು ನಾನೇ ತಂದೆ. ಬೆಂಚಿನ ಮೇಲೆ ಆಗ ಯಾರೂ ಇರುತ್ತಿರಲಿಲ್ಲ. ನಾನು ಮಾತ್ರ ನಿಂತೇ ಇರುತ್ತಿದ್ದೆ.

ಕೋಲಾರಕ್ಕೆ ಬಂದು ರಾಯರಿಗೆ ಎಲ್ಲ ಹೇಳಿದೆ. ಎಡಗಾಲಿನ ಮಾತನ್ನೂ ಹೇಳಿದೆ. ಅವರು ಯೋಚಿಸಿ, "ಪ್ಲೇಗಿನ ಗಡ್ಡೆ ಹೆಚ್ಚಾಗಿ ತೊಡೆಸಂದಿನಲ್ಲೇ ಏಳೋದು. ಎಡ ಅಥವಾ ಬಲ. ಅಂದಾಜು ಮಾಡಿ ಹೇಳಬಹುದು" ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ನಶ್ಯ ಏರಿಸಿ ಮೂಗು ಒರೆಸಿಕೊಂಡ ಮೇಲೆ, "ಆದರೆ ಅಶ್ವತ್ಥಯ್ಯ ಅಂದಾಜು ಮಾಡೋ ಮನುಷ್ಯ ಅಲ್ಲ" ಎಂದು ಸೇರಿಸಿದರು.

ರವಣಮ್ಮ ಆ ಸಂಜೆಯೇ ಹೆಬ್ಬೆಟ್ಟು ಒತ್ತಿದರು. ಗಡುವಿನೊಳಗೆ ಅರ್ಜಿ ಹೋಯಿತು. ಮುಂದೆ ಪಾಲುಪಟ್ಟಿ ಹಾಜರಾಗಿ ತೋಪು ಅವರಿಗೇ ಉಳಿಯಿತು, ಬಹಳ ವರ್ಷ ಅಲ್ಲೇ ಬಾಳಿದರು. ಆದರೆ ನನಗೆ ತೀರ್ಪಿನ ದಿನಕ್ಕಿಂತ ಅರ್ಜಿಯ ದಿನವೇ ಕಣ್ಣಿಗೆ ಕಟ್ಟಿದೆ. ತಮ್ಮನ ವಕೀಲರು ಈಗ ಮಾತು ತಿರುಗಿಸಿ, ವಾದಿ ಬದುಕಿದ್ದಾನೆಂದು ಅವರ ವಕೀಲರೇ ಹೇಳಿದ್ದರಲ್ಲ, ಸತ್ತಿದ್ದಕ್ಕೆ ಪುರಾವೆ ಏನು ಎಂದು ತಕರಾರು ತೆಗೆದರು. ಮುನ್ಸೀಫರು ರವಣಮ್ಮನನ್ನು ಕಟಕಟೆಗೆ ಕರೆಸಿ ಪ್ರಮಾಣ ಮಾಡಿಸಿದರು. ಅವರ ಕೈಯಲ್ಲಿ ಬಳೆ ಇರಲಿಲ್ಲ.

"ನಿಮ್ಮ ಗಂಡ ತೀರಿಕೊಂಡಿದ್ದಾರೆಯೇ?" ಎಂದು ಕೇಳಿದರು.

"ಹೌದು ಸ್ವಾಮಿ" ಎಂದರು ರವಣಮ್ಮ. "ನಾನೇ ಹೇಳಿ ಕಳಿಸ್ದೆ."

ಮುನ್ಸೀಫರು ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಬರೆದುಕೊಳ್ಳುವ ಗುಮಾಸ್ತರ ಕಡೆ ತಿರುಗಿ, "ಹೌದು ಅಂತಷ್ಟೇ ಬರೆದುಕೊಳ್ಳಿ" ಎಂದರು.